ಸೋಫಾ ತರಲು ಹೋಗಿ ಸ್ಕೂಲು ನೋಡಿ ಬಂದಿದ್ದು

ಅಮೆರಿಕದ ವರ್ಜೀನಿಯಾದಲ್ಲಿ, ರಿಚ್ಮಂಡ್ ಕಡೆ ಇರುವ ನನ್ನ ಪರಿಚಯದವರಿಗೆಲ್ಲ ಫಾರ್ಮ್‌ವಿಲ್ ಅನ್ನುವ ಊರು ಅಂದರೆ ಫರ್ನಿಚರ್. ಹಳೇ ಹೊಗೆಸೊಪ್ಪಿನ ಗೋದಾಮುಗಳ ತುಂಬ ಸೋಫಾ, ಮಂಚ, ಕಾರ್ಪೆಟ್ಟು. ಹೊಸ ಮನೆ ತಗೊಂಡವರು ಒಮ್ಮೆ ಅಲ್ಲಿಗೆ ಹೋಗಿ ಬರುತ್ತಾರೆ. ನಾವೂ ಹೊರಟೆವು, ನಾನು ಮತ್ತು ಅಮ್ಮ. ಇವರಿಗೆ ಆಫೀಸಿತ್ತು. ಗೋಡೆಯ ಅಳತೆ ಬರೆದ ಚೀಟಿ ಕೊಟ್ಟು, "ಇದಕ್ಕಿಂತ ಒಂದು ಇಂಚೂ ಜಾಸ್ತಿ ಆಗಬಾರದು" ಅಂದಿದ್ದರು.

ಅಮ್ಮ ತಿಪಟೂರಿನ ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲಿ ಹೆಡ್‌ಮಿಸ್ ಆಗಿ ರಿಟೈರ್ ಆದವರು. ಅಮೆರಿಕಕ್ಕೆ ಬಂದು ಎರಡು ತಿಂಗಳಾಗಿತ್ತು. ಮಾಲ್ ನೋಡಿ ಬೇಜಾರಾಗಿತ್ತು, ಜಲಪಾತ ನೋಡಿ "ಜೋಗದಷ್ಟಿಲ್ಲ" ಅಂದಾಗಿತ್ತು. ದಾರಿಯಲ್ಲಿ ಸುಮ್ನೆ ಮಾತಿಗೆ, "ಅಲ್ಲೊಂದು ಹಳೇ ಹೈಸ್ಕೂಲಿದೆಯಂತೆ, ಈಗ ಮ್ಯೂಸಿಯಂ" ಅಂದೆ. "ಮೊದಲು ಅಲ್ಲಿಗೇ ಹೋಗೋಣ ಕಣೆ. ಸೋಫಾ ಎಲ್ಲಿ ಓಡಿಹೋಗುತ್ತೆ?" ಅಂದರು.

ಸುಮಾರು 65 ಮೈಲಿ, ಅಂದರೆ ನೂರು ಕಿಲೋಮೀಟರ್ ಚಿಲ್ಲರೆ. 60ನೇ ನಂಬರಿನ ರಸ್ತೆಯಲ್ಲಿ ಪೌಹಾಟನ್ ದಾಟಿ, ಕಂಬರ್ಲೆಂಡ್ ಹತ್ತಿರ ಎಡಕ್ಕೆ ತಿರುಗಿದರೆ ಆಯಿತು. ದಾರಿಯುದ್ದಕ್ಕೂ ಪೈನ್ ಮರ, ಅಲ್ಲೊಂದು ಇಲ್ಲೊಂದು ಚರ್ಚು. ಹೇಳುವಂಥದ್ದೇನೂ ಇಲ್ಲ.

ನಾವು ಹೋದಾಗ ಮ್ಯೂಸಿಯಂ ಬಾಗಿಲು ಇನ್ನೂ ತೆರೆದಿರಲಿಲ್ಲ. ಕಾರಿನಲ್ಲೇ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಎದುರಿಗೆ ಸ್ಕೂಲು. ಒಂದೇ ಅಂತಸ್ತಿನ ಕೆಂಪು ಇಟ್ಟಿಗೆ ಕಟ್ಟಡ. ನಮ್ಮ ಕಡೆಯ ತಾಲ್ಲೂಕು ಆಫೀಸಿನಷ್ಟಿರಬಹುದು. "ಇಷ್ಟೇನಾ?" ಅಂದರು ಅಮ್ಮ. ಹೌದು, ಇಷ್ಟೇ. ರಾಬರ್ಟ್ ರುಸ್ಸಾ ಮೋಟನ್ ಹೈಸ್ಕೂಲ್. 1939ರಲ್ಲಿ ಪ್ರಿನ್ಸ್ ಎಡ್ವರ್ಡ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಕಪ್ಪು ಮಕ್ಕಳಿಗೆ ಅಂತ ಕಟ್ಟಿದ್ದು. 180 ಮಕ್ಕಳಿಗೆ ಸಾಕಾಗುವ ಜಾಗ. ಯುದ್ಧ ಮುಗಿದ ಮೇಲೆ ಓದಲು ಬರುವವರು ಹೆಚ್ಚುತ್ತಲೇ ಹೋದರು. 1950ರ ಹೊತ್ತಿಗೆ 450 ದಾಟಿತ್ತು. ಜಿಮ್ ಇಲ್ಲ, ಕೂತು ಊಟ ಮಾಡಲು ಜಾಗ ಇಲ್ಲ. ಅದೇ ಊರಿನ ಬಿಳಿ ಮಕ್ಕಳ ಹೈಸ್ಕೂಲಿನಲ್ಲಿ ಎರಡೂ ಇದ್ದವು.

ಒಳಗೆ ಹೋದ ಮೇಲೆ ಅಮ್ಮ ನಿಂತು ನೋಡಿದ್ದು ಒಂದು ಕಪ್ಪು ಬಿಳುಪು ಫೋಟೊ. ಸ್ಕೂಲಿನ ಪಕ್ಕದಲ್ಲಿ ಉದ್ದುದ್ದ ಶೆಡ್ಡುಗಳು. ಹೊಸ ಕಟ್ಟಡ ಕೊಡಿ ಅಂತ ಪೋಷಕರು ವರ್ಷಗಟ್ಟಲೆ ಅಲೆದಾಗ ಶಾಲಾ ಮಂಡಳಿ ಕೊಟ್ಟಿದ್ದು ಇದು. ಮರದ ಚೌಕಟ್ಟು, ಅದರ ಮೇಲೆ ಡಾಂಬರು ಕಾಗದ ಹೊಡೆದ 'ತಾತ್ಕಾಲಿಕ' ಕೊಠಡಿಗಳು. ದಾರಿಯಲ್ಲಿ ಹೋಗುವವರು ಕೋಳಿ ಗೂಡು ಅಂದುಕೊಳ್ಳುತ್ತಿದ್ದರಂತೆ. ಮಳೆ ಬಂದರೆ ಸೋರುತ್ತಿತ್ತು, ಒಳಗೇ ಛತ್ರಿ ಬಿಚ್ಚಿಕೊಂಡು ಕೂತವರಿದ್ದರು. ಒಂದೊಂದು ಶೆಡ್ಡಿಗೂ ಒಂದು ಕಬ್ಬಿಣದ ಒಲೆ. ಒಲೆ ಪಕ್ಕ ಕೂತವರು ಬೇಯುತ್ತಿದ್ದರು, ಕಿಟಕಿ ಹತ್ತಿರದವರು ಕೋಟು ಬಿಚ್ಚದೆ ಪಾಠ ಬರೆದುಕೊಳ್ಳುತ್ತಿದ್ದರು. ಜಾಗ ಸಾಲದೆ ಕೆಲವೊಮ್ಮೆ ನಿಂತ ಬಸ್ಸಿನೊಳಗೂ ಪಾಠ ನಡೆದದ್ದುಂಟು.

"ಒಲೆ ಹಚ್ಚೋರು ಯಾರು?" ಅಂದರು ಅಮ್ಮ.

"ಮೇಷ್ಟ್ರುಗಳೇ ಇರಬೇಕು."

"ಇರಬೇಕು ಏನು, ಅವರೇ. ಬೀಗ ತೆಗೆಯೋದೂ ಅವರೇ, ಗಂಟೆ ಹೊಡೆಯೋದೂ ಅವರೇ. ನನಗೆ ಗೊತ್ತಿಲ್ವಾ?"

1950ರ ಸೆಪ್ಟೆಂಬರಿನಿಂದ 1951ರ ಮೇವರೆಗಿನ ಆ ಒಂದು ಶಾಲಾ ವರ್ಷವನ್ನು ಗೋಡೆಯಿಂದ ಗೋಡೆಗೆ ಓದುತ್ತಾ ಹೋಗಬಹುದು. ಬಾರ್ಬರಾ ಜಾನ್ಸ್ ಅನ್ನುವ ಹುಡುಗಿ ಆಗ ಹನ್ನೊಂದನೇ ಕ್ಲಾಸು, ಹದಿನಾರು ವರ್ಷ. ಡಾರ್ಲಿಂಗ್‌ಟನ್ ಹೈಟ್ಸ್ ಅನ್ನುವ ಹಳ್ಳಿಯವಳು. ಬೆಳಗ್ಗೆ ತಮ್ಮ ತಂಗಿಯರನ್ನು ಹೊರಡಿಸುವ ಕೆಲಸ ಅವಳದ್ದೇ. ಒಂದು ದಿನ ಊಟದ ಡಬ್ಬಿ ಮರೆತು ಮನೆಗೆ ಓಡಿದಳು. ವಾಪಸ್ ಬರುವಷ್ಟರಲ್ಲಿ ಬಸ್ಸು ಹೋಗಿತ್ತು. ರಸ್ತೆ ಬದಿಯಲ್ಲಿ ಸುಮಾರು ಒಂದು ಗಂಟೆ ಕಾದಳು. ಆಗ ಬಿಳಿ ಮಕ್ಕಳ ಬಸ್ಸು ಬಂತು. ಅರ್ಧ ಖಾಲಿ. ಅವಳ ಮುಂದೆಯೇ ಹೋಯಿತು. ಏನಾದರೂ ಮಾಡಲೇಬೇಕು ಅಂತ ಅವತ್ತೇ ತೀರ್ಮಾನಿಸಿದೆ ಅಂತ ಮುಂದೆ ಅವಳೇ ಬರೆದುಕೊಂಡಿದ್ದಾಳೆ. ಅದಕ್ಕೂ ಮೊದಲು ಸಂಗೀತದ ಟೀಚರ್ ಹತ್ತಿರ ಸ್ಕೂಲಿನ ಬಗ್ಗೆ ಗೊಣಗಿದಾಗ, ಅವರು "ನೀನೇ ಏನಾದರೂ ಮಾಡಬಾರದಾ?" ಅಂದಿದ್ದರಂತೆ. ಟೀಚರ್‌ಗಳು ಮಾತಿಗೆ ಅಂದಿದ್ದು ಮಕ್ಕಳ ತಲೆಯಲ್ಲಿ ಎಷ್ಟು ದಿನ ಕೂತಿರುತ್ತೆ, ಅಲ್ವಾ?

ಅವಳು ನಂಬಿಕಸ್ತರಾದ ಕೆಲವರನ್ನು ಆರಿಸಿಕೊಂಡಳು. ಆಟದ ಮೈದಾನದ ಕಲ್ಲಿನ ಮೆಟ್ಟಿಲ ಮೇಲೆ ಗುಟ್ಟಾಗಿ ಸೇರುತ್ತಿದ್ದರು. ಆ ಗುಂಪಿನಲ್ಲಿದ್ದ ಜಾನ್ ಸ್ಟೋಕ್ಸ್ ದೊಡ್ಡವರಾದ ಮೇಲೆ, ನಮ್ಮ ಯೋಜನೆಗೆ 'ಮ್ಯಾನ್‌ಹಟನ್ ಪ್ರಾಜೆಕ್ಟ್' ಅಂತ ಹೆಸರಿಟ್ಟಿದ್ದೆವು ಅಂತ ಹೇಳಿಕೊಂಡಿದ್ದಾರೆ. ಅಣುಬಾಂಬಿನ ಹೆಸರು! ಬಾಂಬು ಬಿದ್ದು ಆರು ವರ್ಷವೂ ಆಗಿರಲಿಲ್ಲ. ಗುಟ್ಟು ಅಂದರೆ ಆ ಮಕ್ಕಳಿಗೆ ನೆನಪಾಗಿದ್ದು ಅದು. ಇದನ್ನು ಓದಿ ನನಗೆ ನಗು ಬಂತು. ಅಮ್ಮನಿಗೆ ಬರಲಿಲ್ಲ.

1951ರ ಏಪ್ರಿಲ್ 23, ಸೋಮವಾರ. ಹೆಡ್‌ಮಾಸ್ಟರ್ ಬಾಯ್ಡ್ ಜೋನ್ಸ್ ಅವರಿಗೊಂದು ಫೋನ್ ಬಂತು. ನಿಮ್ಮ ಹುಡುಗರು ಬಸ್ ಸ್ಟ್ಯಾಂಡಿನಲ್ಲಿ ತೊಂದರೆಗೆ ಸಿಕ್ಕಿದ್ದಾರೆ, ಬೇಗ ಬನ್ನಿ ಅಂತ. ಅವರು ಓಡಿದರು. ಇತ್ತ ಎಲ್ಲ ಕ್ಲಾಸಿಗೂ ಚೀಟಿ ಹೋಯಿತು, ತಕ್ಷಣ ಸಭಾಂಗಣಕ್ಕೆ ಬನ್ನಿ ಅಂತ. ಕೆಳಗೆ ಹೆಡ್‌ಮಾಸ್ಟರ್ ಸಹಿ, ಹಾಕಿದ್ದು ಮಕ್ಕಳು. ನಾನೂರೈವತ್ತು ಮಕ್ಕಳು ಬಂದು ಕೂತರು. ಪರದೆ ಸರಿಯಿತು. ವೇದಿಕೆ ಮೇಲೆ ಬಾರ್ಬರಾ ಮತ್ತು ಅವಳ ಗುಂಪು. ಅವಳು ಕಾಲಿನ ಶೂ ಬಿಚ್ಚಿ ಬೆಂಚಿಗೆ ಬಡಿದು, ಟೀಚರ್‌ಗಳೆಲ್ಲ ಹೊರಗೆ ಹೋಗಿ ಅಂದಳಂತೆ. ಆಮೇಲೆ ಸ್ಕೂಲಿಗೆ ಸ್ಕೂಲೇ ಹೊರಗೆ ನಡೆಯಿತು. ಫಲಕಗಳನ್ನು ಮೊದಲೇ ಬರೆದು ಇಟ್ಟುಕೊಂಡಿದ್ದರು.

ನಾವು ಅದೇ ಸಭಾಂಗಣದಲ್ಲಿ ಕೂತಿದ್ದೆವು. ವಿಡಿಯೊ ಮುಗಿದರೂ ಅಮ್ಮ ಏಳಲಿಲ್ಲ.

"ಹೆಡ್‌ಮಾಸ್ಟರ್ ವಾಪಸ್ ಬಂದು ಏನು ಮಾಡಿದರು?"

"ಕ್ಲಾಸಿಗೆ ಹೋಗಿ ಅಂತ ಕೇಳಿಕೊಂಡರಂತೆ. ಮಕ್ಕಳು ಒಪ್ಪಲಿಲ್ಲ."

"ಕೆಲಸ?"

"ಹೋಯಿತು. ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಲಿಲ್ಲ."

"ಗೊತ್ತಿತ್ತು" ಅಂದರು. ಎಲ್ಲರೂ ಬಾರ್ಬರಾಳ ಫೋಟೊ ಮುಂದೆ ನಿಂತರೆ ನಮ್ಮಮ್ಮ ಹೆಡ್‌ಮಾಸ್ಟರ್ ಫೋಟೊ ಹುಡುಕಿಕೊಂಡು ಹೋದರು.

ಆ ಮಕ್ಕಳು ಕೇಳಿದ್ದು ಒಂದು ಸರಿಯಾದ ಕಟ್ಟಡ, ಅಷ್ಟೇ. ರಿಚ್ಮಂಡಿನಿಂದ ಬಂದ ವಕೀಲರು ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್ ಬೇರೆ ಮಾತು ಹೇಳಿದರು. ಕಟ್ಟಡಕ್ಕಾಗಿ ಕೇಸು ಹಾಕುವುದಿಲ್ಲ, ಬಿಳಿ ಕಪ್ಪು ಮಕ್ಕಳಿಗೆ ಬೇರೆ ಬೇರೆ ಸ್ಕೂಲು ಅನ್ನುವುದೇ ತಪ್ಪು ಅಂತ ಹಾಕುತ್ತೇವೆ, ಅಪ್ಪ ಅಮ್ಮಂದಿರು ಒಪ್ಪುತ್ತಾರಾ? ಪಾದ್ರಿ ಫ್ರಾನ್ಸಿಸ್ ಗ್ರಿಫಿನ್ ಅವರ ಚರ್ಚಿನಲ್ಲಿ ಸಭೆಗಳಾದವು. ಒಪ್ಪಿದರು. ಎರಡು ವಾರದ ಮೇಲೆ ಮಕ್ಕಳು ಕ್ಲಾಸಿಗೆ ವಾಪಸ್ ಹೋದರು. ಮೇ 23ಕ್ಕೆ ಕೇಸು ದಾಖಲಾಯಿತು. ಪಟ್ಟಿಯಲ್ಲಿ ಮೊದಲ ಹೆಸರು ಡೊರೊತಿ ಡೇವಿಸ್, ಒಂಬತ್ತನೇ ಕ್ಲಾಸಿನ ಹುಡುಗಿ. ಕೆಳಗಿನ ಕೋರ್ಟಿನಲ್ಲಿ ಸೋತರು. ಇಂಥದ್ದೇ ಐದು ಕೇಸುಗಳನ್ನು ಒಟ್ಟಿಗೆ ಸೇರಿಸಿ ಕೇಳಿದ್ದಕ್ಕೆ 'ಬ್ರೌನ್ ಪ್ರಕರಣ' ಅನ್ನುತ್ತಾರೆ; ಮುಂದೆ ಇದು ಅದರಲ್ಲಿ ಒಂದಾಗಿ, 1954ರ ಮೇ 17ರಂದು ಸುಪ್ರೀಂ ಕೋರ್ಟು ಒಮ್ಮತದಿಂದ ಇವರ ಪರ ತೀರ್ಪು ಕೊಟ್ಟಿತು. ಆ ಐದರಲ್ಲಿ ಮಕ್ಕಳೇ ಶುರು ಮಾಡಿದ್ದು ಇದೊಂದೇ.

ಬಾರ್ಬರಾ ಅಷ್ಟು ಹೊತ್ತಿಗೆ ಊರಲ್ಲಿರಲಿಲ್ಲ. ಬೆದರಿಕೆ ಶುರುವಾಗಿ, ಮನೆಯವರು ಅವಳನ್ನು ಅಲಬಾಮಾದ ಮಾಂಟ್ಗೊಮೆರಿಗೆ, ಅಪ್ಪನ ಸೋದರ ವರ್ನನ್ ಜಾನ್ಸ್ ಹತ್ತಿರ ಕಳಿಸಿದ್ದರು. ಅವರು ಪಾದ್ರಿಯಾಗಿದ್ದ ಚರ್ಚಿಗೇ ಮುಂದೆ ಮಾರ್ಟಿನ್ ಲೂಥರ್ ಕಿಂಗ್ ಬಂದಿದ್ದು. ಅವಳು ಕೊನೆಗೆ ಫಿಲಡೆಲ್ಫಿಯಾದಲ್ಲಿ ಲೈಬ್ರೇರಿಯನ್ ಆಗಿದ್ದು 1991ರಲ್ಲಿ ತೀರಿಕೊಂಡಳು.

ಗೆದ್ದರು ಅಂದುಕೊಂಡು ಮುಂದಿನ ಕೋಣೆಗೆ ಹೋದರೆ ಹೊಟ್ಟೆ ತೊಳಸುತ್ತದೆ. ಒಟ್ಟಿಗೆ ಕೂರಿಸಿ ಅಂತ ಕೋರ್ಟು ಗಡುವು ಕೊಟ್ಟಾಗ, ಕೌಂಟಿಯವರು 1959ರಲ್ಲಿ ಸರ್ಕಾರಿ ಸ್ಕೂಲುಗಳನ್ನೇ ಮುಚ್ಚಿಬಿಟ್ಟರು. ಎಲ್ಲವನ್ನೂ. ಐದು ವರ್ಷ. ಬಿಳಿಯರು ಮಕ್ಕಳಿಗೆ ಖಾಸಗಿ ಸ್ಕೂಲು ಮಾಡಿಕೊಂಡರು. ಸುಮಾರು 1,700 ಕಪ್ಪು ಮಕ್ಕಳಲ್ಲಿ ಕೆಲವರು ದೂರದ ನೆಂಟರ ಮನೆಗೆ ಹೋಗಿ ಓದಿದರು, ಎಷ್ಟೋ ಜನ ಓದಲೇ ಇಲ್ಲ. 2003ರಲ್ಲಿ ಅವರನ್ನು ಕರೆದು ಗೌರವ ಸರ್ಟಿಫಿಕೇಟ್ ಕೊಟ್ಟರಂತೆ. ಅಷ್ಟು ವಯಸ್ಸಾದ ಮೇಲೆ ಹೈಸ್ಕೂಲ್ ಸರ್ಟಿಫಿಕೇಟು!

ಅಮ್ಮ ಇಲ್ಲಿ ಏನೂ ಮಾತಾಡಲಿಲ್ಲ. ಆಮೇಲೆ ಕಾರಿಡಾರಿನ ಬೆಂಚಿನ ಮೇಲೆ ಕೂತು, ಮಂಡಿ ನೀವಿಕೊಳ್ಳುತ್ತಾ ಹೇಳಿದರು. "ನಮ್ಮ ಊರಿನ ಸ್ಕೂಲಲ್ಲಿ ಒಂದು ಮಣ್ಣಿನ ಹರವಿ ಇತ್ತು, ಕುಡಿಯೋ ನೀರಿಂದು. ನಮ್ಮ ಕ್ಲಾಸಲ್ಲಿ ನಾಕು ಮಕ್ಕಳು ಅದರ ಹತ್ರ ಬರ್ತಿರಲಿಲ್ಲ. ಬಾಯಾರಿಕೆ ಆದ್ರೆ ಬೊಗಸೆ ಹಿಡ್ಕೊಂಡು ನಿಂತ್ಕೊಳ್ಳೋರು, ನಮ್ಮಲ್ಲಿ ಯಾರಾದ್ರೂ ಮೇಲಿಂದ ಹೊಯ್ಯಬೇಕು. ನಾನೂ ಹೊಯ್ದಿದೀನಿ. ಒಳ್ಳೇ ಕೆಲಸ ಮಾಡ್ದೆ ಅಂತ ಮನೇಲಿ ಹೇಳ್ಕೊಂಡಿದ್ದೆ."

ಇದನ್ನು ನಾನು ಇಷ್ಟು ವರ್ಷದಲ್ಲಿ ಕೇಳಿರಲಿಲ್ಲ. ಏನು ಹೇಳಬೇಕೋ ತೋಚಲಿಲ್ಲ. ನೀರಿನ ಬಾಟಲಿ ತೆಗೆದು ಕೊಟ್ಟೆ. ಕೊಟ್ಟ ಮೇಲೆ ಯಾಕೆ ಕೊಟ್ಟೆನೋ ಅನ್ನಿಸಿತು.

ಹೊರಡುವಾಗ ಬಾಗಿಲ ಹತ್ತಿರ ಸಂದರ್ಶಕರ ಪುಸ್ತಕ. ನಾನು ಹೆಸರು ಬರೆದು ಪೆನ್ನು ಅಮ್ಮನ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಎಡಗೈಯಲ್ಲಿ ಹಾಳೆ ಒತ್ತಿ ಹಿಡಿದು, ನಿಧಾನವಾಗಿ ಕನ್ನಡದಲ್ಲಿ ಬರೆದರು. ಅಲ್ಲಿದ್ದ ಹುಡುಗಿ ಕುತೂಹಲದಿಂದ ಬಗ್ಗಿ ನೋಡಿದಳು. ನಾನೂ ನೋಡಿದೆ. ನಮ್ಮಲ್ಲಿ ಇನ್‌ಸ್ಪೆಕ್ಟರ್ ಬಂದು ಹೋಗುವಾಗ ಬರೆಯುತ್ತಾರಲ್ಲ, ಅದೇ ಧಾಟಿ.

"ಈ ದಿನ ಶಾಲೆಗೆ ಭೇಟಿ ನೀಡಿದೆ. ಕೊಠಡಿಗಳು ಸ್ವಚ್ಛವಾಗಿವೆ. ಚಾವಣಿ ಸೋರುತ್ತಿಲ್ಲ."

ಕೆಳಗೆ ಸಹಿ, ತಾರೀಖು, ಮುಖ್ಯ ಶಿಕ್ಷಕಿ (ನಿವೃತ್ತ).