ಆಮೇಲೆ ಏನಾಯ್ತು, ಆಂಟಿ?

ಆ ಭಾನುವಾರ ಚರ್ಚಿನ ಸಂಡೇ ಸ್ಕೂಲ್ ಮಕ್ಕಳಿಗೆ ನನ್ನ ಸಾಕ್ಷಿ, ಅಂದರೆ ದೇವರು ನನ್ನ ಬದುಕಿನಲ್ಲಿ ಮಾಡಿದ್ದನ್ನು, ಹೇಳುತ್ತಿದ್ದೆ. ನನಗೆ 29 ವರ್ಷ ಆಗಿದ್ದಾಗ ಮಿದುಳು ಜ್ವರ ಬಂದಿತ್ತು. ಮೂರು ದಿನ ಪ್ರಜ್ಞೆ ಇರಲಿಲ್ಲ. ಗಟ್ಟಿ ಮನಸ್ಸು ಮಾಡಿಕೊಳ್ಳಿ ಎಂದು ಡಾಕ್ಟರ್ ಮನೆಯವರಿಗೆ ಹೇಳಿಬಿಟ್ಟಿದ್ದರು. ನಮ್ಮ ಚರ್ಚಿನ ಸಭೆಯವರೆಲ್ಲ ಸೇರಿ ರಾತ್ರಿಯಿಡೀ ಪ್ರಾರ್ಥನೆ ಮಾಡಿದರು. ಬೆಳಿಗ್ಗೆ ನಾನು ಕಣ್ಣು ಬಿಟ್ಟು ನೀರು ಕೇಳಿದೆ.

ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ಒಂದು ಕ್ಷಣ ಸುಮ್ನಾಗಬೇಕು ಅಂತ ನನಗೆ ಬಾಯಿಪಾಠ ಆಗಿತ್ತು. ನೀರು ಕೇಳಿದ ಜಾಗಕ್ಕೆ ಬಂದಾಗ ಯಾರಾದರೂ ಆಮೆನ್ ಅನ್ನುತ್ತಾರೆ. ಅವತ್ತೂ ಅಂದರು. ಆಗ ಮುಂದಿನ ಬೆಂಚಿನಲ್ಲಿ ಕೂತಿದ್ದ ಹತ್ತು ವರ್ಷದ ಹುಡುಗಿ ಕೇಳಿದಳು, "ಆಮೇಲೆ ಏನಾಯ್ತು, ಆಂಟಿ?"

"ಆಮೇಲೆ ಹುಷಾರಾಗಿ ಮನೆಗೆ ಬಂದೆ."

"ಅದಲ್ಲ. ಆಮೇಲೆ ದೇವರು ಏನು ಮಾಡಿದರು?"

ನಾನು ಬಾಯಿ ತೆರೆದೆ. ಹೇಳಲು ಏನೂ ಸಿಗಲಿಲ್ಲ. ಅದೆಲ್ಲ ನಡೆದು 14 ವರ್ಷ ಆಗಿತ್ತು. ಮಗು ಉತ್ತರಕ್ಕಾಗಿ ನನ್ನನ್ನೇ ನೋಡುತ್ತಾ ಕೂತಿತ್ತು. ನಾನು ಹಾಡಿನ ಪುಸ್ತಕ ತೆಗೆಯಿರಿ ಮಕ್ಕಳೇ ಅಂದುಬಿಟ್ಟೆ.

ಮನೆಗೆ ಬಂದವಳೇ ಪ್ರಾರ್ಥನೆಯ ನೋಟ್‌ಬುಕ್ ತೆಗೆದೆ. ಹುಷಾರಾದ ವರ್ಷದಿಂದ ಬರೆಯುತ್ತಾ ಬಂದಿದ್ದೇನೆ. ಮೊದಲಿನ ಪುಟಗಳಲ್ಲಿ ಮಾರ್ಜಿನ್‌ನಲ್ಲೂ ಜಾಗ ಇಲ್ಲ. ಯಾರಿಗೆ ಕೆಲಸ ಸಿಗಬೇಕು, ಯಾವ ವಾಕ್ಯ ಅರ್ಥವಾಗಲಿಲ್ಲ, ಯಾವ ದಿನ ಯಾರ ಮೇಲೆ ಸಿಟ್ಟು ಬಂತು, ಎಲ್ಲ ಇದೆ. ಹೋಗ್ತಾ ಹೋಗ್ತಾ ಅಕ್ಷರ ದೊಡ್ಡದಾಗಿದೆ, ಸಾಲು ಕಡಿಮೆಯಾಗಿದೆ. ಕೊನೆಯ ಕೆಲವು ವರ್ಷಗಳಲ್ಲಿ ತಾರೀಖು, ಅದರ ಮುಂದೆ ಒಂದೇ ಮಾತು: ಮೇಲಿನಂತೆ. ಮರುದಿನ, ಮೇಲಿನಂತೆ. ಯಾವುದರ ಮೇಲಿನಂತೆ ಅಂತ ಹುಡುಕಿಕೊಂಡು ಹಿಂದಕ್ಕೆ ಪುಟ ತಿರುಗಿಸಿದೆ. ಹನ್ನೊಂದು ಪುಟ ಹಿಂದೆ ಹೋದರೂ ಮೇಲಿನಂತೆಯೇ ಇತ್ತು. ನೆಲದ ಮೇಲೆ ಕೂತು ಅತ್ತೆ.

ಹೊರಗಿನಿಂದ ನೋಡಿದವರಿಗೆ ಇದು ಗೊತ್ತಾಗುವ ಹಾಗೇ ಇರಲಿಲ್ಲ. ನಾನು ಒಂದು ಆರಾಧನೆಯನ್ನೂ ತಪ್ಪಿಸಿದವಳಲ್ಲ. ಸ್ತ್ರೀಯರ ಕೂಟ ನಡೆಸುತ್ತಿದ್ದೆ. ಪ್ರಾರ್ಥನೆ ಮಾಡಿ ಅಂದರೆ ಮಾತು ತಾನಾಗಿಯೇ ಬರುತ್ತಿತ್ತು. ಆದರೆ ಸ್ತೋತ್ರ ಬಾಯಿಂದ ಬರುತ್ತಿತ್ತೇ ಹೊರತು ಅದರ ಹಿಂದೆ ನಾನು ಇರುತ್ತಿರಲಿಲ್ಲ. ಪಾಪದಲ್ಲಿ ಬಿದ್ದಿದ್ದರೆ ಕನಿಷ್ಠ ಏಳಬೇಕು ಅಂತಾದರೂ ಅನ್ನಿಸುತ್ತಿತ್ತೇನೋ. ಸುಮ್ನೆ ನಿಂತುಬಿಟ್ಟವರಿಗೆ ನಿಂತಿದ್ದೇವೆ ಅನ್ನೋದೇ ಗೊತ್ತಾಗುವುದಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ನಾಲ್ಕು ಗಂಟೆಗೆ ಎದ್ದೆ. ಮೂರು ದಿನ ಉಪವಾಸ ಮಾಡಿದೆ. ವರ್ಷದಲ್ಲಿ ಇಡೀ ಬೈಬಲ್ ಓದುವ ಪಟ್ಟಿ ಹಿಡಿದು ಕೂತೆ. ಒಟ್ಟು 1,189 ಅಧ್ಯಾಯ. ದಿನಕ್ಕೆ ಮೂರೋ ನಾಲ್ಕೋ ಓದಬೇಕು. ಓದಿದ್ದಕ್ಕೆಲ್ಲ ಗುರುತು ಹಾಕುತ್ತಾ ಹೋದೆ, ಮನಸ್ಸು ಅಲ್ಲಾಡಲಿಲ್ಲ. ಸುಮಾರು ಒಂದೂವರೆ ತಿಂಗಳಿಗೆ ಬೈಬಲಿನ ಐದನೇ ಪುಸ್ತಕ ಧರ್ಮೋಪದೇಶಕಾಂಡಕ್ಕೆ ಬಂದೆ. ಮೊದಲನೇ ಅಧ್ಯಾಯದಲ್ಲೇ ಕೈ ನಿಂತಿತು.

ಐಗುಪ್ತದ ಗುಲಾಮಗಿರಿಯಿಂದ ಬಿಡುಗಡೆಯಾಗಿ ಬಂದ ಇಸ್ರಾಯೇಲ್ ಜನರಿಗೆ ದೇವರು ಹೋರೇಬ್ ಬೆಟ್ಟದಲ್ಲಿ ಹೇಳುತ್ತಾನೆ: ನೀವು ಈ ಬೆಟ್ಟದ ಹತ್ತಿರ ಉಳಿದುಕೊಂಡದ್ದು ಸಾಕು, ಹೊರಡಿ.

ಇದನ್ನು ಎಷ್ಟೋ ಸಲ ಕೇಳಿದ್ದೆ. ಯಾವುದೋ ಕೆಟ್ಟ ಜಾಗ ಬಿಟ್ಟು ಬನ್ನಿ ಅನ್ನೋ ಮಾತು ಅಂದುಕೊಂಡಿದ್ದೆ. ಆದರೆ ಹೋರೇಬ್ ಕೆಟ್ಟ ಜಾಗವಲ್ಲ ಅಲ್ವಾ? ಹತ್ತು ಆಜ್ಞೆಗಳು ಸಿಕ್ಕಿದ್ದು ಅಲ್ಲೇ. ಒಡಂಬಡಿಕೆ ಆದದ್ದು ಅಲ್ಲೇ. ಆರಾಧನೆಗೆಂದು ದೇವದರ್ಶನದ ಗುಡಾರ ಎದ್ದದ್ದೂ ಅಲ್ಲೇ. ಐಗುಪ್ತ ಬಿಟ್ಟ ಮೂರನೇ ತಿಂಗಳಿಗೆ ಅಲ್ಲಿಗೆ ಬಂದವರು ಎರಡನೇ ವರ್ಷದ ಎರಡನೇ ತಿಂಗಳಿನವರೆಗೆ ಇದ್ದರು. ಹೆಚ್ಚುಕಡಿಮೆ ಒಂದು ವರ್ಷ. ಅವರ ಬದುಕಿನಲ್ಲೇ ದೇವರು ಅಷ್ಟು ಹತ್ತಿರ ಬಂದ ಜಾಗ ಇನ್ನೊಂದಿರಲಿಲ್ಲ. ಆ ಜಾಗದ ಬಗ್ಗೆಯೇ ದೇವರು ಸಾಕು ಅನ್ನುತ್ತಾನೆ.

ನನ್ನ ಹೋರೇಬ್ ಆ ಆಸ್ಪತ್ರೆಯ ಹಾಸಿಗೆ. 14 ವರ್ಷದಿಂದ ನಾನು ಅಲ್ಲೇ ಡೇರೆ ಹಾಕಿಕೊಂಡು ಕೂತಿದ್ದೆ.

ಅದಕ್ಕೂ ಸ್ವಲ್ಪ ಹಿಂದಿನ ವಚನ ನೋಡಿ. ಹೋರೇಬಿನಿಂದ, ದೇವರು ಕೊಡುತ್ತೇನೆಂದ ದೇಶದ ಅಂಚಿನಲ್ಲಿರುವ ಕಾದೇಶ್ ಬರ್ನೇಯಕ್ಕೆ ಹನ್ನೊಂದು ದಿನದ ದಾರಿ ಅಂತ ಇದೆ. ಮರುವಚನದಲ್ಲೇ ನಲವತ್ತನೇ ವರ್ಷದ ಮಾತು ಬರುತ್ತದೆ. ದಾರಿ ಉದ್ದ ಇದ್ದದ್ದಕ್ಕೆ ಅಷ್ಟು ವರ್ಷ ಹಿಡಿದಿದ್ದಲ್ಲ. ಕಾದೇಶಿನಿಂದ 12 ಜನ ಹೋಗಿ 40 ದಿನ ಆ ದೇಶ ಸುತ್ತಿ ನೋಡಿ ಬಂದರು. ಹತ್ತು ಜನ, ಅಲ್ಲಿಯವರ ಮುಂದೆ ನಾವು ಮಿಡತೆಗಳ ಹಾಗಿದ್ದೇವೆ ಅಂದರು. ಜನ ಹೆದರಿಕೊಂಡು ಹೋಗುವುದಿಲ್ಲ ಅಂದರು. ಅದಾದ ಮೇಲೆ ಮತ್ತೆ ಮುಂದಕ್ಕೆ ಹೊರಟು ಜೆರೆದ್ ಅನ್ನೋ ಹಳ್ಳ ದಾಟುವ ಹೊತ್ತಿಗೆ 38 ವರ್ಷ. ಇದನ್ನು ಓದುವವರೆಗೆ ನನ್ನ ಸಮಸ್ಯೆ ಸೋಮಾರಿತನ ಅಂದುಕೊಂಡಿದ್ದೆ. ಅದಕ್ಕೇ ಅಲಾರಂ ಇಟ್ಟುಕೊಂಡು ಏಳುತ್ತಿದ್ದೆ. ಜನರನ್ನು ನಿಲ್ಲಿಸಿದ್ದು ಸೋಮಾರಿತನ ಅಲ್ಲ, ಭಯ. ಹಾಗಾದರೆ ನಾನು ಯಾವುದಕ್ಕೆ ಹೆದರಿದ್ದೇನೆ?

ಉತ್ತರ ಹುಡುಕಬೇಕಾಗಿರಲಿಲ್ಲ. ಆ ಉತ್ತರ ಪ್ರತಿ ಭಾನುವಾರ ಮೂರನೇ ಸಾಲಿನಲ್ಲಿ ಕೂರುತ್ತಿತ್ತು.

ನಮ್ಮ ಸಭೆಯಲ್ಲಿ ಒಬ್ಬ ಅಕ್ಕ ಇದ್ದಾರೆ. ಇದಕ್ಕೂ ಐದು ವರ್ಷ ಮೊದಲು ಅವರ ಮಗ ತೀರಿಕೊಂಡಿದ್ದ. ಎಂಟು ವರ್ಷದ ಹುಡುಗ. ನನಗೆ ಮಾಡಿದ ಹಾಗೇ ಅವನಿಗೂ ಪ್ರಾರ್ಥನೆ ಮಾಡಿದ್ದೆವು. ಅದೇ ಜನ, ಅದೇ ವಾಕ್ಯ, ಅದೇ ದೇವರು. ಮಣ್ಣಿನ ದಿನ ಹೋಗಿ ಬಂದೆ. ಆಮೇಲೆ ಅವರ ಮನೆಗೆ ಹೋಗು, ಸುಮ್ನೆ ಜೊತೆಗೆ ಕೂತು ಬಾ ಅಂತ ಮನಸ್ಸಿನಲ್ಲಿ ತುಂಬ ಸ್ಪಷ್ಟವಾಗಿ ಬಂತು. ಕರ್ತನು ನನ್ನ ಹತ್ತಿರ ಏನಾದರೂ ಹೇಳಿದ್ದಾನೆ ಅಂತ ನಾನು ಗಟ್ಟಿಯಾಗಿ ಹೇಳಬಹುದಾದ ಕೆಲವೇ ಸಂದರ್ಭಗಳಲ್ಲಿ ಅದು ಒಂದು. ನಾನು ಹೋಗಲಿಲ್ಲ. ಅವರು ನನ್ನನ್ನು ಕೇಳಿದರೆ ಏನು ಹೇಳಲಿ? ನಿನ್ನನ್ನು ಯಾಕೆ ಎಬ್ಬಿಸಿದ, ನನ್ನ ಮಗನನ್ನು ಯಾಕೆ ಎಬ್ಬಿಸಲಿಲ್ಲ ಅಂದರೆ? ಅವರ ಮುಂದೆ ನನ್ನ ಸಾಕ್ಷಿ ನಿಲ್ಲುವುದಿಲ್ಲ ಅಂತ ನನಗೆ ಗೊತ್ತಿತ್ತು. ಸಾಕ್ಷಿ ಹೋದರೆ ನಂಬಿಕೆಯಲ್ಲಿ ಇನ್ನೇನು ಉಳಿಯುತ್ತದೆ ಅಂತ ಗೊತ್ತಿರಲಿಲ್ಲ. ಹಾಗಾಗಿ ಆರಾಧನೆ ಮುಗಿದ ಕೂಡಲೇ ಇನ್ನೊಂದು ಬಾಗಿಲಿನಿಂದ ಹೊರಗೆ ಹೋಗುವುದನ್ನು ರೂಢಿ ಮಾಡಿಕೊಂಡೆ. ನೋಟ್‌ಬುಕ್ ತೆಗೆದು ತಾರೀಖು ನೋಡಿದೆ. ಮೊದಲನೇ ಮೇಲಿನಂತೆ, ಆ ಹುಡುಗ ಹೋದ ಎರಡು ತಿಂಗಳಿಗೆ.

ಒಂದು ಮಾತು ಇಲ್ಲೇ ಹೇಳಬೇಕು. ಮನಸ್ಸು ಒಣಗಿದವರೆಲ್ಲ ಏನೋ ಅವಿಧೇಯತೆ ಮಾಡಿದ್ದಾರೆ ಅಂತಲ್ಲ. ಹಾಗೆ ಹೇಳಿ ಜನರ ಮನಸ್ಸು ಮುರಿಯುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. 2007ರಲ್ಲಿ ಅವರ ಪತ್ರಗಳು ಪುಸ್ತಕವಾಗಿ ಬಂದಾಗ, ಹತ್ತಾರು ವರ್ಷ ಅವರಿಗೆ ಪ್ರಾರ್ಥನೆಯಲ್ಲಿ ದೇವರ ಸಾನ್ನಿಧ್ಯದ ಅನುಭವವೇ ಇರಲಿಲ್ಲ ಅಂತ ಲೋಕಕ್ಕೆ ಗೊತ್ತಾಯಿತು. ಅವರು ನಿಂತಿರಲಿಲ್ಲ. ಕತ್ತಲಲ್ಲೇ ನಡೆಯುತ್ತಿದ್ದರು. ಇನ್ನು ಕೆಲವರಿಗೆ ದೇಹವೇ ಸೋತಿರುತ್ತದೆ. ಬೈಬಲಿನ ಪ್ರವಾದಿ ಎಲೀಯ ಗಿಡದ ಕೆಳಗೆ ಕೂತು ಸಾಯಬೇಕು ಅಂದಾಗ ದೇವದೂತ ಪ್ರಸಂಗ ಮಾಡಲಿಲ್ಲ. ಮಲಗಿದ್ದವನನ್ನು ತಟ್ಟಿ ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಎಬ್ಬಿಸಿ ತಿನ್ನಿಸಿದ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ದಯವಿಟ್ಟು ಡಾಕ್ಟರ್ ಹತ್ತಿರವೂ ಹೋಗಿ. ಅದು ನಂಬಿಕೆಯ ಕೊರತೆ ಅಲ್ಲ.

ಆ ಎಲೀಯ ಅಲ್ಲಿಂದ 40 ದಿನ ನಡೆದು ಎಲ್ಲಿಗೆ ಹೋದ ಗೊತ್ತಾ? ಅದೇ ಹೋರೇಬಿಗೆ. ಅಲ್ಲಿ ದೇವರು ಅವನನ್ನು ಕೇಳಿದ್ದು, ನೀನು ಇಲ್ಲಿ ಏನು ಮಾಡುತ್ತಿದ್ದೀ ಅಂತ. ಒಂದಲ್ಲ, ಎರಡು ಸಲ. ಆಮೇಲೆ ಹೊರಟು ಹೋಗು ಅಂದ. ಆ ಬೆಟ್ಟದಿಂದ ದೇವರು ಯಾವಾಗಲೂ ಜನರನ್ನು ಮುಂದಕ್ಕೇ ಕಳಿಸುತ್ತಾನೆ.

ನನಗೆ ಹೊರಡಲು ಇನ್ನೂ ಎಂಟು ದಿನ ಬೇಕಾಯಿತು.

ಅಕ್ಕ ಬಾಗಿಲು ತೆಗೆದರು. ನನ್ನನ್ನು ನೋಡಿ ಅವರಿಗೆ ಆಶ್ಚರ್ಯವಾಯಿತು, ಅದನ್ನು ಮುಚ್ಚಿಡಲೂ ಇಲ್ಲ. ಒಳಗೆ ಹೋದೆ. ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆಗಳಿದ್ದವು, ಮಗು ಬೆಳೆದ ಹಾಗೆಲ್ಲ ಎತ್ತರ ಗುರುತು ಹಾಕುತ್ತಾರಲ್ಲ, ಅವು. ಪ್ರತಿ ಗೆರೆಯ ಪಕ್ಕ ಚಿಕ್ಕದಾಗಿ ತಾರೀಖು. ಕೊನೆಯ ಗೆರೆ ನನ್ನ ಎದೆಯ ಮಟ್ಟಕ್ಕೂ ಬರುತ್ತಿರಲಿಲ್ಲ. ಅದರ ಮೇಲೆ ಬರೀ ಮರ. ಆ ಕಡೆ ಇಡೀ ಚೌಕಟ್ಟಿಗೆ ಹೊಸ ಬಣ್ಣ ಬಳಿದಿದ್ದರು. ಗೆರೆಗಳಿದ್ದ ಆ ಒಂದು ಕಂಬವನ್ನು ಮಾತ್ರ ಬಿಟ್ಟಿದ್ದರು.

ನಾನು ನಿಂತೇ ಇದ್ದೆ. ಅವರೇ ಮಾತಾಡಿದರು.

"ನೀವು ಸಾಕ್ಷಿ ಹೇಳುವಾಗಲೆಲ್ಲ ನಾನು ಲೆಕ್ಕ ಹಾಕುತ್ತಿದ್ದೆ. ನಿಮಗೆ ಒಂದು ರಾತ್ರಿ ಪ್ರಾರ್ಥನೆ ಮಾಡಿದರು. ನನ್ನ ಮಗನಿಗೆ 41 ರಾತ್ರಿ ಮಾಡಿದೆವು."

ಐದು ವರ್ಷ ನಾನು ಹೆದರಿದ್ದ ಮಾತು ಇದೇ. ನಾನು ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ನನಗೆ ಗೊತ್ತಿಲ್ಲ ಅಕ್ಕ ಅಂದೆ. ಯಾಕೆ ಅಂತ ನನಗೆ ನಿಜವಾಗಲೂ ಗೊತ್ತಿಲ್ಲ. ನಾನು ಇಷ್ಟು ವರ್ಷ ಬರದೇ ಇದ್ದದ್ದು ತಪ್ಪು. ಕ್ಷಮಿಸಿ.

ಅವರು ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ "ಹಾಗಾದರೆ ಕೂತುಕೊಳ್ಳಿ" ಅಂದರು.

ನನ್ನ ನಂಬಿಕೆ ಮುರಿದುಬೀಳುತ್ತದೆ ಅಂದುಕೊಂಡಿದ್ದೆನಲ್ಲ, ಅವತ್ತು ಅದರಲ್ಲಿ ಏನೋ ಮುರಿಯಿತು, ನಿಜ. ಒಳ್ಳೆಯವರಿಗೆ, ಪ್ರಾರ್ಥನೆ ಮಾಡುವವರಿಗೆ ಹೀಗೇ ಆಗುತ್ತದೆ ಅನ್ನೋ ಒಂದು ಲೆಕ್ಕ ನನ್ನೊಳಗೆ ಕೂತಿತ್ತು. ಅದು ಹೋಯಿತು. ದೇವರು ಹೋಗಲಿಲ್ಲ. ಆ ರಾತ್ರಿ ಪ್ರಾರ್ಥನೆಗೆ ಕೂತಾಗ ಎಷ್ಟೋ ವರ್ಷದ ಮೇಲೆ ಮೊದಲ ಸಲ ನನಗೆ ಮಾತು ಬರಲಿಲ್ಲ. ತಡವರಿಸಿದೆ. ಅಳು ಬಂತು. ಅಕ್ಕನ ಮಗನ ಹೆಸರು ಹೇಳಿದೆ, ಯಾಕೆ ಸ್ವಾಮಿ ಅಂದೆ. ಅದು ಪ್ರಾರ್ಥನೆ ಅಂತ ನನಗೆ ಗೊತ್ತಾಯಿತು, ಏಕೆಂದರೆ ಮುಂದಿನ ವಾಕ್ಯ ಏನು ಅಂತ ಗೊತ್ತಿರಲಿಲ್ಲ.

ಬೆಟ್ಟದ ಮೇಲೆ ಯೇಸುವಿನ ರೂಪ ಬದಲಾದಾಗ ಶಿಷ್ಯ ಪೇತ್ರ ಇಲ್ಲೇ ಮೂರು ಗುಡಾರ ಕಟ್ಟೋಣ ಅಂದನಲ್ಲ, ಈಗ ಅವನ ಮೇಲೆ ನನಗೆ ತುಂಬ ಪ್ರೀತಿ. ನಾನೂ ಅದನ್ನೇ ಮಾಡಿದವಳು. ಮರುದಿನ ಕೆಳಗಿಳಿದರೆ ಅಲ್ಲಿ ಕಾಯಿಲೆಯ ಮಗನನ್ನು ಕರಕೊಂಡು ಬಂದ ತಂದೆ. ಶಿಷ್ಯರ ಕೈಯಲ್ಲಿ ಮಗುವನ್ನು ವಾಸಿಮಾಡಲು ಆಗಿಲ್ಲ. ನಂಬುತ್ತೇನೆ, ನನ್ನ ಅಪನಂಬಿಕೆಯಲ್ಲಿ ನನಗೆ ಸಹಾಯ ಮಾಡು ಅಂತ ಆ ತಂದೆ ಕೂಗಿಕೊಂಡದ್ದು ಬೆಟ್ಟದ ಕೆಳಗೆ. ಮೇಲೇ ಗುಡಾರ ಹಾಕಿಕೊಂಡಿದ್ದರೆ ಆ ಪ್ರಾರ್ಥನೆ ಪೇತ್ರನ ಕಿವಿಗೆ ಬೀಳುತ್ತಿರಲಿಲ್ಲ.

ಹಾಗಂತ ನನ್ನ ಸಾಕ್ಷಿಯನ್ನು ಬಿಸಾಡಬೇಕಾ? ಇದು ನನ್ನನ್ನು ತುಂಬ ದಿನ ಕಾಡಿತು. ಆಗ ಅರಣ್ಯದಲ್ಲಿ ದೇವರು ಆ ಜನರಿಗೆ ದಿನಾ ಕೊಟ್ಟ ಆಹಾರ, ಮನ್ನಾದ ವಿಷಯ ನೆನಪಾಯಿತು. ನಿನ್ನೆಯದನ್ನು ಇವತ್ತಿಗೆ ಇಟ್ಟುಕೊಂಡರೆ ಹುಳ ಬೀಳುತ್ತಿತ್ತು. ಇದು ಎಲ್ಲರಿಗೂ ಗೊತ್ತು. ಆದರೆ ಅದೇ ಅಧ್ಯಾಯದ ಕೊನೆಗೆ ದೇವರೇ, ಒಂದು ಓಮೆರ್ ಅಳತೆಯಷ್ಟು ಮನ್ನಾವನ್ನು ಪಾತ್ರೆಯಲ್ಲಿ ತುಂಬಿ ಮುಂದಿನ ತಲೆಮಾರಿನವರು ನೋಡಲಿ ಅಂತ ಇಡಿಸುತ್ತಾನೆ. ಆ ಪಾತ್ರೆಯಲ್ಲಿದ್ದದ್ದು ಕೆಡಲಿಲ್ಲ. ಅದು ಮಕ್ಕಳಿಗೆ ತೋರಿಸುವುದಕ್ಕೆ, ನಾನು ದಿನಾ ತಿಂದು ಬದುಕುವುದಕ್ಕೆ ಅಲ್ಲ. ಈಗಲೂ ಸಾಕ್ಷಿ ಹೇಳುತ್ತೇನೆ, ಅಪರೂಪಕ್ಕೆ. ಅಕ್ಕ ಕೂತಿದ್ದರೆ ಮೊದಲು ಅವರನ್ನು ಕೇಳಿ ಹೇಳುತ್ತೇನೆ. ಒಂದು ಸಲ ಇವತ್ತು ಬೇಡ ಅಂದರು. ಹೇಳಲಿಲ್ಲ.

ಇದೆಲ್ಲ ಆಗಿ ಸುಮಾರು ಎರಡು ವರ್ಷ ಆಯಿತು. ಎಲ್ಲ ಸರಿಹೋಗಿಬಿಟ್ಟಿದೆ ಅಂತಲ್ಲ. ಕೆಲವು ದಿನ ಬೆಳಿಗ್ಗೆ ಎದ್ದು ಸುಮ್ನೆ ಕೂತು ಏಳುತ್ತೇನೆ. ನೋಟ್‌ಬುಕ್ಕಿನಲ್ಲಿ ಒಂದು ನಿಯಮ ಮಾತ್ರ ಇಟ್ಟುಕೊಂಡಿದ್ದೇನೆ: ಮೇಲಿನಂತೆ ಅಂತ ಬರೆಯುವ ಹಾಗಿಲ್ಲ. ಅದೇ ವಿಷಯ ಆದರೂ ಪೂರ್ತಿ ಬರೆಯಬೇಕು. ಬರೆಯಲು ಏನೂ ಇಲ್ಲದಿದ್ದರೆ, ಇವತ್ತು ಏನೂ ಇಲ್ಲ ಸ್ವಾಮಿ ಅಂತ ಬರೆಯಬೇಕು. ಹಾಗೆ ಬರೆದ ದಿನಗಳು ಸಾಕಷ್ಟಿವೆ.

ಗುರುವಾರ ಅಕ್ಕನ ಮನೆಗೆ ಹೋಗುತ್ತೇನೆ. ಒಂದೊಂದು ವಾರ ಬೈಬಲಿನ ಒಂದೊಂದು ಕೀರ್ತನೆ, ಮೊದಲನೆಯದರಿಂದ. ಮಧ್ಯೆ ಕೆಲವು ವಾರ ತಪ್ಪಿದೆ. ವಿವರಣೆ, ಪ್ರಸಂಗ ಏನೂ ಇಲ್ಲ. ಒಬ್ಬರು ಓದುತ್ತೇವೆ, ಇನ್ನೊಬ್ಬರು ಕೇಳುತ್ತೇವೆ. ಮೊನ್ನೆ 88 ಬಂತು. ನನಗೆ ಅಳುಕಿತ್ತು. ಬೇರೆ ದುಃಖದ ಕೀರ್ತನೆಗಳು ಹೆಚ್ಚಾಗಿ ಎಲ್ಲೋ ಒಂದು ಕಡೆ ಸ್ತೋತ್ರಕ್ಕೆ ತಿರುಗುತ್ತವೆ. 13ನೆಯದು ಬರೀ ಆರು ವಚನ, ಅದೂ ಹಾಡಿನಲ್ಲಿ ಮುಗಿಯುತ್ತದೆ. 88 ಹಾಗಲ್ಲ. 18 ವಚನ ಕೂಗಿ ಕೂಗಿ, ಕೊನೆಗೆ ಕತ್ತಲೆಯಲ್ಲೇ ನಿಂತುಬಿಡುತ್ತದೆ. ಬಿಟ್ಟು ಮುಂದಿನದಕ್ಕೆ ಹೋಗೋಣವಾ ಅಂತ ಕೇಳಬೇಕೆಂದಿದ್ದೆ. ಕೇಳಲಿಲ್ಲ, ಓದಿದೆ.

ಮುಗಿದ ಮೇಲೆ ಅಕ್ಕ, "ಅಷ್ಟೇನಾ?" ಅಂದರು.

"ಅಷ್ಟೇ."

"ಇದೂ ಬೈಬಲ್‌ನಲ್ಲೇ ಇದೆಯಾ? ಹೀಗೇ, ಕೊನೆಗೆ ಏನೂ ಸೇರಿಸದೆ?"

"ಹೀಗೇ ಇದೆ."

"ಇನ್ನೊಂದು ಸಲ ಓದಿ."

ಓದಿದೆ. ಈ ಸಲ ಅವರೂ ತುಟಿ ಅಲ್ಲಾಡಿಸುತ್ತಿದ್ದರು. ಮುಗಿದ ಮೇಲೆ ಬೈಬಲ್ಲನ್ನು ನನ್ನ ಕೈಯಿಂದ ತಗೊಂಡರು. ಮುಚ್ಚುತ್ತಾರೆ ಅಂದುಕೊಂಡೆ. ಪುಟ ತಿರುಗಿಸಿ 89 ಎಷ್ಟು ಉದ್ದ ಇದೆ ಅಂತ ಬೆರಳಿಟ್ಟುಕೊಂಡು ನೋಡಿದರು. 52 ವಚನ.

"ಇದು ದೊಡ್ಡದಿದೆ" ಅಂದರು. "ಮುಂದಿನ ವಾರ ಸ್ವಲ್ಪ ಬೇಗ ಬನ್ನಿ. ನಾನು ಓದುತ್ತೇನೆ."