ಸ್ಟುಟ್‌ಗಾರ್ಟ್‌ನ ವಾರ್ಡಿನಲ್ಲಿ ಕಲಿತದ್ದು

ಜರ್ಮನಿಗೆ ಹೊರಟಿರುವ ನರ್ಸಿಂಗ್ ಹುಡುಗಿಯರು ಆಗಾಗ ನನಗೆ ಫೋನ್ ಮಾಡುತ್ತಾರೆ. ಹಾಸನ, ಮಂಡ್ಯ, ಮಂಗಳೂರು ಕಡೆಯವರು. ಮೊದಲು ಸಂಬಳ ಕೇಳುತ್ತಾರೆ. ಆಮೇಲೆ ಚಳಿ ಎಷ್ಟು, ನಮ್ಮ ಅಕ್ಕಿ ಸಿಗುತ್ತಾ, ಜರ್ಮನ್ ಭಾಷೆಯ ಬಿ2 ಮಟ್ಟದ ಪರೀಕ್ಷೆ ಕಷ್ಟಾನಾ ಅಂತ. ಆಸ್ಪತ್ರೆಯಲ್ಲಿ ದಿನವಿಡೀ ಮಾಡುವ ಕೆಲಸ ಏನು ಅಂತ ಕೇಳುವವರು ತುಂಬ ಕಡಿಮೆ. ನನಗೂ ಹೊರಡುವ ಮುಂಚೆ ಅದನ್ನು ಯಾರೂ ಹೇಳಿರಲಿಲ್ಲ. ಬಂದು ವರ್ಷ ತುಂಬುವ ಮೊದಲೇ ಬೇಸರಪಟ್ಟು ಊರಿಗೆ ವಾಪಸ್ ಹೋದವರನ್ನು ನೋಡಿದ್ದೇನೆ. ಚಳಿಯನ್ನು ತಡೆದುಕೊಂಡವರು, ಭಾಷೆಯನ್ನೂ ಕಲಿತವರು ಅವರು. ಅವರಿಗೆ ತಡೆಯಲಾಗದೆ ಹೋದದ್ದು ಕೆಲಸ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಓದಿದ್ದು ಮಂಗಳೂರಿನಲ್ಲಿ, 4 ವರ್ಷದ ಬಿಎಸ್ಸಿ ನರ್ಸಿಂಗ್. ಆಮೇಲೆ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಕೆಲಸ. ಕೆಲಸ ಚೆನ್ನಾಗಿ ಕಲಿತೆ, ಆದರೆ ಬರುವ ಸಂಬಳದಲ್ಲಿ ಪಿಜಿ ಬಾಡಿಗೆ, ಓದಿಗೆ ಮಾಡಿದ ಸಾಲದ ಕಂತು ಕಟ್ಟಿದರೆ ಮನೆಗೆ ಕಳಿಸಲು ಏನೂ ಉಳಿಯುತ್ತಿರಲಿಲ್ಲ. ಜರ್ಮನಿಯಲ್ಲಿ ವಯಸ್ಸಾದವರು ಜಾಸ್ತಿ, ನೋಡಿಕೊಳ್ಳುವವರು ಕಡಿಮೆ. 2022ರ ಡಿಸೆಂಬರ್‌ನಲ್ಲಿ ಭಾರತ ಮತ್ತು ಜರ್ಮನಿ ವಲಸೆ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ನಮ್ಮ ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ನೈಟ್ ಡ್ಯೂಟಿ ಮುಗಿಸಿ, ನಿದ್ದೆಗಣ್ಣಿನಲ್ಲೇ ಜರ್ಮನ್ ತರಗತಿಗೆ ಹೋಗಿ ಕೂರುತ್ತಿದ್ದೆ. ಕೊನೆಗೆ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಬಿ2 ಪರೀಕ್ಷೆ ಬರೆದೆ.

ಆಗಲೇ ಒಬ್ಬ ಏಜೆಂಟ್ ಸಿಕ್ಕಿದ್ದ. ಲಕ್ಷಗಟ್ಟಲೆ ಕೊಟ್ಟರೆ ಕೆಲಸ ಗ್ಯಾರಂಟಿ ಅಂದ. ಅಪ್ಪ ಜಮೀನಿನ ಮೇಲೆ ಸಾಲ ತರುವುದಕ್ಕೂ ತಯಾರಿದ್ದರು. ನಾನು ಬೇಡ ಅಂತ ಗಟ್ಟಿಯಾಗಿ ನಿಂತೆ. ನರ್ಸ್ ಬೇಕಾಗಿರುವುದು ಜರ್ಮನಿಯ ಆಸ್ಪತ್ರೆಗೆ, ಹಾಗಿದ್ದ ಮೇಲೆ ಖರ್ಚನ್ನೂ ಅದೇ ಕೊಡಬೇಕು. ಹೀಗೆ ನ್ಯಾಯವಾಗಿ ಜನರನ್ನು ಕರೆಸುವ ಸಂಸ್ಥೆಗಳಿಗೆ ಜರ್ಮನ್ ಸರ್ಕಾರದ್ದೇ ಒಂದು ಗುಣಮಟ್ಟದ ಮುದ್ರೆ ಇದೆ. ಅಂಥ ಸಂಸ್ಥೆಯ ಮೂಲಕವೇ ನನಗೆ ಸ್ಟುಟ್‌ಗಾರ್ಟ್‌ನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಒಪ್ಪಂದದ ಕಾಗದದಲ್ಲಿ ಒಂದನ್ನು ಮಾತ್ರ ಹತ್ತು ಸಲ ಓದಿ: ಮಧ್ಯದಲ್ಲಿ ಕೆಲಸ ಬಿಟ್ಟರೆ ಎಷ್ಟು ಹಣ ವಾಪಸ್ ಕೇಳುತ್ತಾರೆ ಅನ್ನುವ ಸಾಲು. ಅದು ಅರ್ಥವಾಗದೆ ಸಹಿ ಹಾಕಬೇಡಿ.

ಕಾಗದ ಪತ್ರದಲ್ಲಿ ಜಾಸ್ತಿ ಸತಾಯಿಸಿದ್ದು ನನ್ನ ಹೆಸರು. ನಮ್ಮ ಕಡೆ ಹೆಸರಿನ ಜೊತೆ ಇನಿಷಿಯಲ್ ಇರುತ್ತದಲ್ಲ, ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ನರ್ಸಿಂಗ್ ಕೌನ್ಸಿಲ್ ನೋಂದಣಿಯಲ್ಲಿ ಮುಂದೆ, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು ಸರ್‌ನೇಮ್ ಜಾಗದಲ್ಲಿ. ಜರ್ಮನ್ ಕಚೇರಿಗೆ ಇವು ಮೂವರು ಬೇರೆ ಬೇರೆ ಹೆಂಗಸರ ಕಾಗದದಂತೆ ಕಂಡವು. ಎಲ್ಲವೂ ಒಬ್ಬಳದೇ ಅಂತ ನೋಟರಿ ಮಾಡಿಸಿ, ಅದನ್ನೂ ಅಧಿಕೃತ ಅನುವಾದಕರಿಂದ ಜರ್ಮನ್‌ಗೆ ಮಾಡಿಸಿ ಕಳಿಸಿದ ಮೇಲೆ ಕಡತ ಮುಂದೆ ಹೋಯಿತು. ಇಲ್ಲಿ ಸರ್‌ನೇಮ್ ಹಿಡಿದೇ ಕರೆಯುವುದು. ಹಾಗಾಗಿ ವಾರ್ಡಿನಲ್ಲಿ ಎಲ್ಲರೂ ನನ್ನನ್ನು ಈಗ ಅಪ್ಪನ ಹೆಸರಿನಿಂದ ಕರೆಯುತ್ತಾರೆ. ಅದು ನನಗೆ ಇಷ್ಟ.

ನಮ್ಮ ಡಿಗ್ರಿಯನ್ನು ಇಲ್ಲಿ ನೇರವಾಗಿ ಒಪ್ಪಿಕೊಳ್ಳುವುದಿಲ್ಲ. ನಾಲ್ಕು ವರ್ಷದಲ್ಲಿ ಯಾವ ವಿಷಯ ಎಷ್ಟು ಗಂಟೆ ಓದಿದ್ದೇವೆ, ಯಾವ ವಾರ್ಡಿನಲ್ಲಿ ಎಷ್ಟು ಗಂಟೆ ಕೆಲಸ ಮಾಡಿದ್ದೇವೆ ಅಂತ ಲೆಕ್ಕ ಹಾಕಿ, ಕಡಿಮೆ ಬಿದ್ದದ್ದನ್ನು ಪಟ್ಟಿ ಮಾಡಿ ಕಳಿಸುತ್ತಾರೆ. ನನ್ನದರಲ್ಲಿ ವೃದ್ಧರ ಆರೈಕೆ ಕಡಿಮೆ ಬಿದ್ದಿತ್ತು. ಅದನ್ನು ತುಂಬಲು ಎರಡು ದಾರಿ. ಒಂದು, ತಿಂಗಳುಗಟ್ಟಲೆಯ ಹೊಂದಾಣಿಕೆ ತರಬೇತಿ. ಇನ್ನೊಂದು, ಜ್ಞಾನ ಪರೀಕ್ಷೆ. ಪರೀಕ್ಷೆಯಲ್ಲಿ ಪ್ರಾಕ್ಟಿಕಲ್ ಮತ್ತು ಮೌಖಿಕ ಅಂತ ಎರಡು ಭಾಗ, ಫೇಲಾದರೆ ಪ್ರತಿ ಭಾಗಕ್ಕೂ ಇನ್ನೊಂದೇ ಅವಕಾಶ. ಅದು ಮುಗಿಯುವ ತನಕ ನಮಗೆ ಸಹಾಯಕಿಯ ಹುದ್ದೆ, ಸಹಾಯಕಿಯ ಸಂಬಳ. ನಾನು ಪರೀಕ್ಷೆಯನ್ನು ಆರಿಸಿಕೊಂಡೆ.

ಬಂದ ಹೊಸತರಲ್ಲಿ ಮನೆ ಮಾಡಿದ ಕಥೆ ಎಲ್ಲರದೂ ಒಂದೇ ಥರ, ಬೇಗ ಹೇಳಿಬಿಡುತ್ತೇನೆ. ಮನೆಗೆ ಹೋದ ಎರಡು ವಾರದೊಳಗೆ ಮನೆಮಾಲೀಕರ ಪತ್ರ ಹಿಡಿದು ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಟಪಾಲು ಡಬ್ಬಿಯ ಮೇಲೆ ಹೆಸರು ಅಂಟಿಸಬೇಕು, ಇಲ್ಲದಿದ್ದರೆ ಬ್ಯಾಂಕ್ ಕಾರ್ಡು, ತೆರಿಗೆ ನಂಬರು ಎಲ್ಲ ವಾಪಸ್ ಹೋಗುತ್ತವೆ. ಬಾಡಿಗೆ ಮನೆಗಳಲ್ಲಿ ಎಷ್ಟೋ ಸಲ ಅಡುಗೆಮನೆ ಖಾಲಿ. ಸ್ಟೌ ಇಲ್ಲ, ಸಿಂಕ್ ಇಲ್ಲ, ಸೂರಿನಲ್ಲಿ ಬಲ್ಬೂ ಇಲ್ಲ. ಅಡ್ವಾನ್ಸ್ ಮೂರು ತಿಂಗಳ ಬಾಡಿಗೆ ತನಕ ಕೇಳಬಹುದು. ಸ್ಟುಟ್‌ಗಾರ್ಟ್ ಕಡೆ ಇನ್ನೊಂದು ಪದ್ಧತಿ ಇದೆ, ಕೇರ್‌ವೋಖೆ. ವಾರಕ್ಕೊಂದು ಮನೆಯವರು ಮೆಟ್ಟಿಲು, ಅಂಗಳ ಗುಡಿಸಿ ಒರೆಸಬೇಕು. ಸರದಿ ಬಂದಾಗ ಬಾಗಿಲಿಗೆ ಒಂದು ಹಲಗೆ ತಂದು ನೇತುಹಾಕುತ್ತಾರೆ. ಊರಿನಲ್ಲಿ ದಿನಾ ಬೆಳಗ್ಗೆ ಬಾಗಿಲು ಗುಡಿಸಿ ಬೆಳೆದವಳು ನಾನು. ಮೊದಲ ಸರದಿಯಲ್ಲೇ ಪಕ್ಕದ ಮನೆಯ ಅಜ್ಜಿ ನಿಂತು ಮಾತಾಡಿಸಿದರು.

ಈಗ ಕೆಲಸಕ್ಕೆ ಬರುತ್ತೇನೆ. ನಮ್ಮಲ್ಲಿ ನರ್ಸ್ ಅಂದರೆ ಇಂಜೆಕ್ಷನ್, ಡ್ರಿಪ್, ಮಾನಿಟರ್, ಡಾಕ್ಟರ ರೌಂಡ್ಸ್. ರೋಗಿಗೆ ಮುಖ ತೊಳೆಸುವುದು, ಊಟ ತಿನ್ನಿಸುವುದು, ಬಟ್ಟೆ ಬದಲಿಸುವುದು ಮನೆಯವರ ಕೆಲಸ, ಇಲ್ಲವೇ ಆಯಾ ಮಾಡುತ್ತಾಳೆ. ಇಲ್ಲಿ ರೋಗಿಯ ಜೊತೆ ರಾತ್ರಿ ಉಳಿಯುವ ಮನೆಯವರು ಸಾಮಾನ್ಯವಾಗಿ ಇರುವುದಿಲ್ಲ. ನಾನಿದ್ದ ವಾರ್ಡಿನಲ್ಲಿ ಡ್ರಿಪ್ ಸೂಜಿ ಹಾಕುತ್ತಿದ್ದುದು ಡಾಕ್ಟರು. ಬೆಳಗಿನ ಪಾಳಿಗೆ ಹೋದ ಕೂಡಲೇ ನನ್ನ ಕೆಲಸ ಬೇಸಿನ್, ಬಿಸಿನೀರು, ಬಟ್ಟೆ ಹಿಡಿದು ಒಬ್ಬೊಬ್ಬರ ಮೈ ಒರೆಸಿ ಎಬ್ಬಿಸಿ ಕೂರಿಸುವುದು. ಐಸಿಯುನಲ್ಲಿ ವೆಂಟಿಲೇಟರ್ ನೋಡಿಕೊಂಡವಳಿಗೆ ಇದು ಸುಲಭವಾಗಿ ಗಂಟಲಿನಿಂದ ಇಳಿಯುವ ಮಾತಲ್ಲ. ಅವ್ವನಿಗೆ ಹೇಳಿದಾಗ ಫೋನಿನಲ್ಲಿ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, ‘ಅಷ್ಟೆಲ್ಲ ಓದಿ ಅದ್ನ ಮಾಡಕ್ಕೆ ಅಲ್ಲೀಗಂಟ ಹೋಗ್ಬೇಕಿತ್ತಾ ಮಗ?’ ಅಂದರು.

ನನ್ನ ಮನಸ್ಸು ಬದಲಾದದ್ದು ಆ ಬೇಸಿನ್ನಿನ ಪಕ್ಕದಲ್ಲೇ. ನನಗೆ ಕಲಿಸಿದ ಹಿರಿಯ ನರ್ಸ್ ಮೊದಲು ಹೇಳಿದ್ದು, ರೋಗಿ ತಾನೇ ಮಾಡಬಹುದಾದದ್ದನ್ನು ನೀನು ಮಾಡಬೇಡ ಅಂತ. ಮುಖ ಒರೆಸಿಕೊಳ್ಳಲು ಬಟ್ಟೆ ಅವರ ಕೈಗೇ ಕೊಡು. ಕೈ ನಡುಗಿದರೆ ಮೊಣಕೈ ಹಿಡಿದುಕೋ, ಅಷ್ಟು ಸಾಕು. ನೀರು ಸರಿಯಿದೆಯಾ ಅಂತ ಕೇಳು. ಒರೆಸುವ ಭಾಗ ಬಿಟ್ಟು ಉಳಿದ ಮೈಯನ್ನು ಟವೆಲಿನಿಂದ ಮುಚ್ಚಿಡು. ಆ ಹತ್ತಿಪ್ಪತ್ತು ನಿಮಿಷದಲ್ಲಿ ರೋಗಿಯ ಚರ್ಮ, ಉಸಿರು, ನೋವು, ನಿನ್ನೆಗಿಂತ ಇವತ್ತು ಎಷ್ಟು ಎದ್ದು ಕೂರುತ್ತಾರೆ, ಮಾತು ತೊದಲುತ್ತಿದೆಯಾ, ಎಲ್ಲ ಗೊತ್ತಾಗುತ್ತದೆ. ಮಾನಿಟರ್ ಹೇಳದೇ ಇರುವುದನ್ನು ಕೈ ಹೇಳುತ್ತದೆ. ಇದು ಆಯಾ ಕೆಲಸ ಅಂತ ಮೂಗು ಮುರಿಯುವವರು ಒಂದು ಬೆಳಗ್ಗೆ ಗಮನವಿಟ್ಟು ಮಾಡಿ ನೋಡಲಿ. ನಮ್ಮ ಆಸ್ಪತ್ರೆಗಳಲ್ಲಿ ನರ್ಸುಗಳ ಕೈಯಿಂದ ಇದು ತಪ್ಪಿಹೋಗಿರುವುದು ದೊಡ್ಡ ನಷ್ಟ ಅಂತಲೇ ನನಗನ್ನಿಸುತ್ತದೆ.

ಭಾಷೆ ಬಂದದ್ದೂ ಅಲ್ಲೇ. ಬಿ2 ತರಗತಿಯಲ್ಲಿ ಕಲಿತ ಜರ್ಮನ್ ಬೇರೆ, ಈ ಭಾಗದ ಹಳ್ಳಿಯ ಮುದುಕರು ಆಡುವ ಶ್ವೇಬಿಶ್ ಬೇರೆ. ಮೊದಮೊದಲು ಅರ್ಧವೂ ತಿಳಿಯುತ್ತಿರಲಿಲ್ಲ. ಮೈ ಒರೆಸುವಾಗ ಅವರಿಗೂ ಆತುರವಿಲ್ಲ, ನನಗೂ ಪಕ್ಕದಿಂದ ಏಳುವ ಹಾಗಿಲ್ಲ. ದ್ರಾಕ್ಷಿ ತೋಟ, ಸತ್ತುಹೋದ ಗಂಡ, ಫೋನ್ ಮಾಡದ ಮಗ, ಎಲ್ಲವನ್ನೂ ಹೇಳುತ್ತಿದ್ದರು. ತಿಳಿಯದಿದ್ದರೆ ಇನ್ನೊಮ್ಮೆ ಹೇಳಿ ಅನ್ನುತ್ತಿದ್ದೆ. ಬೇಜಾರಿಲ್ಲದೆ ಹೇಳುತ್ತಿದ್ದರು.

ಫೋನ್ ಮಾತ್ರ ನಿಜವಾದ ಭಯ. ಎದುರಿಗೆ ಮುಖ ಇಲ್ಲ. ಲ್ಯಾಬಿನವರು ಪಟಪಟ ಅಂಕಿ ಹೇಳುತ್ತಾರೆ. ಜರ್ಮನ್‌ನಲ್ಲಿ 25 ಅನ್ನುವುದನ್ನು ಐದು ಮತ್ತು ಇಪ್ಪತ್ತು ಅಂತ ತಿರುಗಿಸಿ ಹೇಳುವುದು. ಔಷಧದ ವಿಷಯದಲ್ಲಿ 25 ಹೋಗಿ 52 ಆದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಾನು ಮಾಡಿಕೊಂಡ ದಾರಿ ಇಷ್ಟೇ. ಬರೆದುಕೊಂಡ ಮೇಲೆ ಒಂದೊಂದೇ ಅಂಕಿ ಬಿಡಿಯಾಗಿ ಓದಿ ಹೇಳುವುದು: ಎರಡು, ಐದು, ಸರಿನಾ? ಅವರು ಹೂಂ ಅನ್ನುವ ತನಕ ಫೋನ್ ಇಡುತ್ತಿರಲಿಲ್ಲ. ಮೊದಲಿಗೆ ಕೆಲವರು ಸಿಡುಕಿದರು. ಆಮೇಲೆ ನನ್ನ ದನಿ ಕೇಳಿದರೆ ಅವರೇ ನಿಧಾನಕ್ಕೆ ಹೇಳತೊಡಗಿದರು.

ಚಳಿಗಾಲ ಕಷ್ಟವೇ. ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವುದು ಬೆಳಗ್ಗೆ 8 ದಾಟಿದ ಮೇಲೆ, ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಮಧ್ಯಾಹ್ನದ ಪಾಳಿ ಮುಗಿಸಿ ರಾತ್ರಿ 9ಕ್ಕೆ ಹೊರಗೆ ಬಂದರೆ ಊರಿನಲ್ಲಿ ರಾತ್ರಿ ಒಂದೂವರೆ. ಮಾತಾಡಲು ಯಾರೂ ಎದ್ದಿರುವುದಿಲ್ಲ. ಶ್ರೀಲಂಕಾ ತಮಿಳರ ಅಂಗಡಿಯಲ್ಲಿ ರಾಗಿ ಹಿಟ್ಟು ಸಿಕ್ಕ ದಿನ ಕೆನ್ನೆ ಒದ್ದೆಯಾಗಿತ್ತು. ಬೆಳಗಿನ ಪಾಳಿ ಜಾಸ್ತಿ ಕೊಡಿ ಅಂತ ವಾರ್ಡಿನ ಮುಖ್ಯಸ್ಥೆಯನ್ನು ಕೇಳಿದೆ. ಮನೆಗೆ ಫೋನ್ ಮಾಡಬೇಕು ಅಂತ ಕಾರಣವನ್ನೂ ಹೇಳಿದೆ. ಅವರು ಕೊಟ್ಟರು. ಇಲ್ಲಿ ಬಾಯಿಬಿಟ್ಟು ಕೇಳಬೇಕು. ಮುಖ ನೋಡಿ ತಾವೇ ತಿಳಿದುಕೊಳ್ಳಲಿ ಅಂತ ಕಾದರೆ ಕಾಯುತ್ತಲೇ ಇರಬೇಕು.

ಪ್ರಾಕ್ಟಿಕಲ್ ಪರೀಕ್ಷೆಯ ಬೆಳಗ್ಗೆ ನನಗೆ ಕೊಟ್ಟ ರೋಗಿಗಳಲ್ಲಿ ಒಬ್ಬರು ಎಂಬತ್ತು ದಾಟಿದ ಅಜ್ಜ. ಬಿದ್ದು ಸೊಂಟದ ಕೀಲು ಮುರಿದು ಆಪರೇಷನ್ ಆಗಿತ್ತು. ಕಾರು ಕಾರ್ಖಾನೆಯಲ್ಲಿ ದುಡಿದ ಕೈ, ಮಾತು ಕಡಿಮೆ. ಇಬ್ಬರು ಪರೀಕ್ಷಕರು ಕಾಗದ ಹಿಡಿದು ಕಿಟಕಿಯ ಹತ್ತಿರ ನಿಂತಿದ್ದರು. ನಾನು ಅಜ್ಜನಿಗೆ ನಮಸ್ಕಾರ ಹೇಳಿ, ಇವತ್ತು ಏನೇನು ಮಾಡುತ್ತೇವೆ ಅಂತ ವಿವರಿಸಿ, ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಅಂತ ಕೇಳಿದೆ. ಮುಖ, ಎದೆ ಅವರೇ ಒರೆಸಿಕೊಂಡರು. ಬೆನ್ನು ನಾನು ಒರೆಸಿದೆ. ಆಮೇಲೆ ಕಾಲುಚೀಲ ತೆಗೆದೆ.

ಆಪರೇಷನ್ ಆದ ಕಾಲಿನ ಹಿಮ್ಮಡಿಯ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಕೆಂಪು. ಬೆರಳಿನಿಂದ ಒತ್ತಿ ಬಿಟ್ಟೆ. ಸಾಧಾರಣ ಕೆಂಪಾದರೆ ಒತ್ತಿದ ಜಾಗ ಬೆಳ್ಳಗಾಗಿ ಮತ್ತೆ ಕೆಂಪಾಗುತ್ತದೆ. ಇದು ಬೆಳ್ಳಗಾಗಲೇ ಇಲ್ಲ. ಹಾಸಿಗೆ ಹುಣ್ಣಿನ ಮೊದಲ ಹಂತ. ನೋವಿಗೆ ಹೆದರಿ ಅಜ್ಜ ಆ ಕಾಲನ್ನು ಅಲುಗಾಡಿಸದೆ ಮಲಗಿದ್ದರು. ಪರೀಕ್ಷಕರಿಗೆ ತೋರಿಸಿ ಹೇಳಿದೆ. ಮೀನಖಂಡದ ಕೆಳಗೆ ದಿಂಬು ಇಟ್ಟು, ಹಿಮ್ಮಡಿ ಎಲ್ಲಿಗೂ ತಾಗದಂತೆ ಗಾಳಿಯಲ್ಲಿ ನಿಲ್ಲಿಸಿದೆ. ಇನ್ನೊಂದು ಹಿಮ್ಮಡಿ, ಬೆನ್ನಿನ ಕೆಳಭಾಗ ಮತ್ತೆ ನೋಡಿದೆ. ಒಬ್ಬ ಪರೀಕ್ಷಕರು, ಎಣ್ಣೆ ಹಚ್ಚಿ ಉಜ್ಜಬಹುದಲ್ಲವಾ ಅಂತ ಕೇಳಿದರು. ಕೂಡದು ಅಂದೆ. ಒತ್ತಡದಿಂದ ಒಳಗೆ ಆಗಲೇ ಪೆಟ್ಟಾಗಿರುವ ಚರ್ಮವನ್ನು ಉಜ್ಜಿದರೆ ಪೆಟ್ಟು ಜಾಸ್ತಿಯಾಗುತ್ತದೆ. ಅವರು ಏನೋ ಬರೆದುಕೊಂಡರು. ಅಜ್ಜನನ್ನು ಹಾಸಿಗೆಯ ಅಂಚಿಗೆ ಕೂರಿಸಿ, ನಡುವೆ ಉಸಿರು ತೆಗೆದುಕೊಳ್ಳಲು ಬಿಟ್ಟು, ವಾಕರ್ ಹಿಡಿಸಿ ಕುರ್ಚಿಯ ತನಕ ನಡೆಸಿದೆ. ಕೂತ ಮೇಲೆ ಅವರು ಪರೀಕ್ಷಕರ ಕಡೆ ತಿರುಗಿ, ಈ ಹುಡುಗಿ ಚೆನ್ನಾಗಿ ನೋಡಿಕೊಳ್ಳುತ್ತಾಳೆ, ಬರೆದುಕೊಳ್ಳಿ ಅಂದರು.

ಮೌಖಿಕ ಪರೀಕ್ಷೆ ಬೇರೆ ದಿನ ನಡೆಯಿತು, ಅದೂ ಪಾಸಾಯಿತು. ಪ್ರಮಾಣಪತ್ರ ಟಪಾಲಿನಲ್ಲಿ ಬಂತು. ಸಂಬಳ ಪೂರ್ತಿ ನರ್ಸಿನದಾಯಿತು. ಅಪ್ಪ ಆ ಪತ್ರದ ಫೋಟೊ ನೋಡಿ, ‘ನನ್ನ ಹೆಸ್ರೂ ಅದ್ರಲ್ಲಿ ಅಯ್ತಲ್ಲ’ ಅಂತ ಊರಿನವರಿಗೆಲ್ಲ ತೋರಿಸಿಕೊಂಡು ಬಂದರಂತೆ. ಅವ್ವನಿಗೆ ಅಜ್ಜನ ಹಿಮ್ಮಡಿಯ ವಿಷಯ ಪೂರ್ತಿ ಹೇಳಿದೆ. ಆಮೇಲೆ ಅವರು ಆ ಪ್ರಶ್ನೆ ಮತ್ತೆ ಕೇಳಿಲ್ಲ.

ನಮ್ಮ ವಾರ್ಡಿಗೆ ಈಗ ಕೇರಳದಿಂದ, ಫಿಲಿಪ್ಪೀನ್ಸ್‌ನಿಂದ ಹೊಸಬರು ಬರುತ್ತಿದ್ದಾರೆ. ಬೇಸಿನ್ ಕೈಗೆ ಬಂದಾಗ ಅವರ ಮುಖ ಏನಾಗುತ್ತದೆ ಅಂತ ನನಗೆ ಗೊತ್ತು. ಹೊಸಬರಿಗೆ ವಾರ್ಡಿನಲ್ಲಿ ಕಲಿಸುವ ನರ್ಸ್ ಆಗಬೇಕಾದರೆ ಇಲ್ಲಿ ಕನಿಷ್ಠ 300 ಗಂಟೆಯ ತರಬೇತಿ ಮುಗಿಸಬೇಕು. ಮುಖ್ಯಸ್ಥೆ ನನ್ನ ಹೆಸರನ್ನು ಕಳಿಸಿದ್ದಾರೆ. ತರಗತಿಗಳು ಶುರುವಾಗಿವೆ.