‘ನಿಮಗೆ ಸಿಟ್ಟೇ ಬರುವುದಿಲ್ಲವೇ?’

ಮದುವೆಮನೆಯಲ್ಲಿ, ಬಸ್ಸಿನಲ್ಲಿ, ಹೂವಿನಂಗಡಿಯ ಮುಂದೆ, ಎಲ್ಲಿ ಹೋದರೂ ಇದೇ ಪ್ರಶ್ನೆ: ‘ಮಗ ಅಷ್ಟೊಂದು ರಂಪ ಮಾಡಿದರೂ ಹೇಗೆ ಸುಮ್ಮನಿರುತ್ತೀರಿ? ನಿಮಗೆ ಸಿಟ್ಟೇ ಬರುವುದಿಲ್ಲವೇ?’ ಮಗನಿಗೆ ಆಟಿಸಂ ಇದೆ, ಮಾತು ಬಾರದು. ಈಗ ಹದಿನಾಲ್ಕು ವರ್ಷ, ನನಗಿಂತ ಎರಡು ಅಂಗುಲ ಎತ್ತರ. ಸಿಟ್ಟು ಬರುತ್ತದೆ. ಚೆನ್ನಾಗಿಯೇ ಬರುತ್ತದೆ.

ಮೊನ್ನೆ ಸಂಜೆ ಕುಕ್ಕರ್ ಮೂರನೆಯ ಸಲ ಕೂಗುವ ಹೊತ್ತಿಗೆ ಕರೆಂಟೂ ಹೋಯಿತು. ಅವನು ಕಿವಿ ಮುಚ್ಚಿಕೊಂಡು ಕಿರುಚಿದ, ಮಣಿಕಟ್ಟು ಕಚ್ಚಿಕೊಂಡ, ಸ್ಟೀಲ್ ಲೋಟ ನನ್ನ ಕಡೆ ಹಾರಿ ಬಂತು. ನಾನು ಒಲೆ ಆರಿಸಿ, ಈಳಿಗೆಮಣೆ ಒಳಗಿಟ್ಟು, ಅವನಿಂದ ಒಂದು ಮಾರು ದೂರ ನೆಲದ ಮೇಲೆ ಕುಳಿತೆ. ಆ ಹೊತ್ತಿನಲ್ಲಿ ಬುದ್ಧಿಮಾತು ಹೇಳಿದರೆ ಅವನ ಪಾಲಿಗೆ ಅದು ಕುಕ್ಕರಿನ ನಾಲ್ಕನೆಯ ಕೂಗು. ‘ಇಲ್ಲೇ ಇದ್ದೇನೆ’ ಎಂದು ಒಮ್ಮೆ ಹೇಳಿದೆ, ಅಷ್ಟೇ. ಇಪ್ಪತ್ತು ನಿಮಿಷವಾದ ಮೇಲೆ ಅವನೇ ಹತ್ತಿರ ಬಂದು ನನ್ನ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡ.

ನೋಡಿದವರು ಇದನ್ನು ತಾಳ್ಮೆ ಎನ್ನುತ್ತಾರೆ. ಹಿಂದಿನ ರಾತ್ರಿ ಯಜಮಾನರು ಎಚ್ಚರವಿದ್ದು ನಾನು ಏಳು ಗಂಟೆ ಮಲಗಿದ್ದೆ, ಗುಟ್ಟು ಇಷ್ಟೇ. ನಿದ್ದೆಗೆಟ್ಟ ದಿನಗಳಲ್ಲಿ ಇದೇ ನಾನು ಅವನಿಗಿಂತ ಜೋರಾಗಿ ಕಿರುಚಿದ್ದೇನೆ, ಒಮ್ಮೆ ಕೈಯನ್ನೂ ಎತ್ತಿದ್ದೇನೆ. ‘ಗಟ್ಟಿಗಿತ್ತಿಯರಿಗೇ ದೇವರು ಇಂಥ ಮಕ್ಕಳನ್ನು ಕೊಡುವುದು’ ಎನ್ನುವವರ ಮಾತು ಕೇಳಿದಾಗ ಬರುವ ಸಿಟ್ಟು ಬೇರೆ.

ಎರಡು ವರ್ಷದ ಹಿಂದೆ ಅವನು ಹನ್ನೊಂದು ದಿನ ಎಡಗೆನ್ನೆಗೆ ಹೊಡೆದುಕೊಂಡ. ಮುದ್ದು ಹೆಚ್ಚಾಯಿತು ಎಂದರು ಕೆಲವರು. ದೃಷ್ಟಿಯಿರಬಹುದೆಂದು ಅತ್ತೆ ಉಪ್ಪು, ಮೆಣಸಿನಕಾಯಿ ನಿವಾಳಿಸಿದ್ದೂ ಆಯಿತು. ರಂಪಕ್ಕೆ ಮೊದಲು ಏನು ನಡೆಯಿತು, ಆಮೇಲೆ ನಾವೇನು ಮಾಡಿದೆವು ಎಂದು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಬರೆದಿಡುವ ಅಭ್ಯಾಸ ನನಗಿದೆ. ತೆಗೆದು ನೋಡಿದರೆ ಹೆಚ್ಚಿನವು ಊಟದ ಹೊತ್ತಿನವು. ಎಡ ದವಡೆಹಲ್ಲು ಹುಳುಕಾಗಿತ್ತು! ಹೊಸ ರಂಪ ದಿಢೀರನೆ ಶುರುವಾದರೆ ಈಗ ಮೊದಲು ನೋಡುವುದು ಹಲ್ಲು, ಕಿವಿ, ಹೊಟ್ಟೆ.

ಮೊಬೈಲಿಗಾಗಿ ಮಾಡುವ ಹಠದ ಕಥೆಯೇ ಬೇರೆ. ಕೊಡುವುದನ್ನು ನಿಲ್ಲಿಸಿದರೆ ಅದು ಇಳಿಯುವ ಮೊದಲು ಏರುತ್ತದೆ. ಸರಿಯಾಗಿ ಆ ಏರಿನ ದಿನವೇ ಬಂದ ನೆಂಟರು ‘ಅಯ್ಯೋ ಪಾಪ’ ಎಂದು ತಮ್ಮ ಮೊಬೈಲ್ ಕೊಟ್ಟುಬಿಡುತ್ತಾರೆ. ಇನ್ನೂ ಜೋರಾಗಿ ಕೂಗಿದರೆ ಸಿಗುತ್ತದೆ ಎಂದು ಅವನು ಕಲಿಯುತ್ತಾನೆ. ದಯವಿಟ್ಟು ಕೊಡಬೇಡಿ.

‘ಹಾಗಾದರೆ ನಾವೇನು ಮಾಡಲಿ?’ ಎಂದು ಕೇಳುವವರು ಕಡಿಮೆ. ಮೇಲಿನ ಮನೆಯ ಅಕ್ಕ ಅದನ್ನೂ ಕೇಳಲಿಲ್ಲ. ಒಂದು ಗುರುವಾರ ನಾಲ್ಕು ಗಂಟೆಗೆ ಬಂದು, ‘ನೀನು ಹೋಗಿ ಮಲಗು’ ಎಂದರು. ಅಂದಿನಿಂದ ಪ್ರತಿ ಗುರುವಾರವೂ ಬರುತ್ತಾರೆ. ಯಾರೂ ಇಲ್ಲದ ನಡುರಾತ್ರಿಗೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಅನ್ನು ಫ್ರಿಜ್ಜಿನ ಮೇಲೆ ಬರೆದು ಅಂಟಿಸಿದ್ದೇನೆ. ಉಚಿತ ಕರೆ, ಕನ್ನಡದಲ್ಲೂ ಮಾತನಾಡುತ್ತಾರೆ. ಆದರೆ ಗುರುವಾರದ ಆ ಒಂದು ಗಂಟೆಯ ಬಲವೇ ಬೇರೆ.

ಅವರೆಕಾಯಿಯ ಕಾಲದಲ್ಲಿ ಅಕ್ಕ ನೆನೆಸಿದ ಕಾಳು ತರುತ್ತಾರೆ. ಹಿದುಕುವುದೆಂದರೆ ಅವನಿಗೆ ಪ್ರಾಣ. ಹೆಬ್ಬೆರಳಿನಲ್ಲಿ ಒತ್ತಿದೊಡನೆ ಕಾಳು ಪಟಕ್ಕನೆ ಹಾರಿ ಪಾತ್ರೆಗೆ ಬೀಳುತ್ತದೆ, ಕೆಲವು ಅಕ್ಕನ ಕನ್ನಡಕಕ್ಕೂ. ಒಳಗೆ ಮಲಗಿರುವ ನನಗೆ ಇಬ್ಬರ ನಗು ಅರೆನಿದ್ದೆಯಲ್ಲಿ ಕೇಳಿಸುತ್ತದೆ. ಏಳುವುದಿಲ್ಲ.